ಹಳೇ ಸ್ವಿಫ್ಟಿನಲ್ಲಿ ಮತ್ತೆ ಮದ್ದಳೆ ಕೇಳಿಸಿತು

ನನ್ನದು 2008ರ ಸ್ವಿಫ್ಟ್. ವರ್ಷಕ್ಕೆ ಐದಾರು ಸಲ ಬೆಂಗಳೂರಿನಿಂದ ಕುಂದಾಪುರಕ್ಕೆ ಹೋಗಿ ಬರುತ್ತೇವೆ. ದಾರಿಯಲ್ಲಿ ಯಕ್ಷಗಾನ ಇರಲೇಬೇಕು. ಒಂದು ಸಲ ಶಿರಾಡಿ ಘಾಟಿ ಇಳಿಯುವಾಗ ಚಂಡೆಯ ಪ್ರತಿ ಪೆಟ್ಟಿಗೂ ಎಡಬಾಗಿಲಿನ ಸ್ಪೀಕರಿನಿಂದ ಪರಪರ ಅನ್ನುವ ಸದ್ದು ಶುರುವಾಯಿತು. ಭಾಗವತರ ಸ್ವರ ಏರಿದರೆ ಒಡೆದ ಹಾಗೆ ಕೇಳುತ್ತಿತ್ತು. ಇಷ್ಟು ವರ್ಷದ ಜೊತೆಗಾರ ಕಾರು, ಹೀಗೆ ಬಿಡೋಕೆ ಮನಸ್ಸಾಗಲಿಲ್ಲ.

ಊರಿಂದ ಬಂದವನೇ ಒಂದು ಅಂಗಡಿಗೆ ಹೋದೆ. ಡಬ್ಬದ ಮೇಲೆ ದೊಡ್ಡದಾಗಿ 300 ವ್ಯಾಟ್ ಅಂತ ಬರೆದಿದ್ದ ಸ್ಪೀಕರ್ ಜೋಡಿಯನ್ನು ಹಾಕಿಕೊಟ್ಟರು. ಮನೆಗೆ ಬರುವಷ್ಟರಲ್ಲೇ ಗೊತ್ತಾಯಿತು, ಸದ್ದು ಮೊದಲಿಗಿಂತ ಕಡಿಮೆ. ವಾಲ್ಯೂಮ್ ಎಷ್ಟು ಏರಿಸಿದರೂ ಜೀವ ಇಲ್ಲ. ಎಡಗಡೆ ಗಾಜು ಇಳಿಸಿದರೆ ಕೊನೆಗೆ ಟಕ್ ಅಂತ ಸ್ಪೀಕರಿನ ಹಿಂದಿನ ಮ್ಯಾಗ್ನೆಟ್ಟಿಗೆ ಬಡಿಯುತ್ತಿತ್ತು. ಆಗ ಕೂತು ಎಲ್ಲ ಓದಿದೆ, ಅಳೆದೆ, ಮುಂದಿನ ಭಾನುವಾರ ಬಾಗಿಲು ನಾನೇ ಬಿಚ್ಚಿದೆ.

ಮೊದಲು ವ್ಯಾಟ್ ವಿಷಯ. ಡಬ್ಬದ ಮೇಲಿನ ದೊಡ್ಡ ಅಂಕಿ ಒಂದು ಕ್ಷಣಕ್ಕೆ ತಡೆಯುವ ಗರಿಷ್ಠ ಶಕ್ತಿ. ಸತತವಾಗಿ ತಡೆಯುವುದು ಆರ್‌ಎಂಎಸ್, ಅದು ಸಣ್ಣ ಅಕ್ಷರದಲ್ಲಿರುತ್ತದೆ. ಸ್ಟೀರಿಯೋ ಕಥೆಯೂ ಇದೇ. ಮುಖದ ಮೇಲೆ 50X4, ಅಂದರೆ ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟ್ ಅಂತ ಇದ್ದರೂ ಒಂದೊಂದು ಸ್ಪೀಕರಿಗೆ ನಿಜವಾಗಿ ಸಿಗುವುದು ಹೆಚ್ಚುಕಮ್ಮಿ 15ರಿಂದ 20 ವ್ಯಾಟ್. ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್ ಬೇರೆಯಾಗಿ ಹಾಕದವರು ಅದಕ್ಕೇ ಸೆನ್ಸಿಟಿವಿಟಿ ನೋಡಬೇಕು. ಕೊಟ್ಟ ಶಕ್ತಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಅನ್ನುವ ಲೆಕ್ಕ ಅದು, ಡೆಸಿಬೆಲ್‌ನಲ್ಲಿ ಬರೆದಿರುತ್ತಾರೆ. 3 ಡೆಸಿಬೆಲ್ ಜಾಸ್ತಿ ಇದ್ದರೆ ಅದೇ ಸದ್ದಿಗೆ ಅರ್ಧ ಶಕ್ತಿ ಸಾಕು. ಆ 300 ವ್ಯಾಟಿನದು 88 ಇತ್ತು. ನಾನು ಜೆ.ಸಿ. ರೋಡಿನಲ್ಲಿ ಅರ್ಧ ದಿನ ಸುತ್ತಿ 92ರದ್ದು ತಂದೆ. ಬೆಲೆ ಕೂಡ ಕಡಿಮೆಯೇ ಆಯಿತು. ಇಂಪಿಡೆನ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, 4 ಓಮ್, ಸ್ಟೀರಿಯೋಗೆ ಒಪ್ಪುವಂಥದ್ದು.

ಸ್ವಿಫ್ಟಿನ ಮುಂದಿನ ಬಾಗಿಲಿಗೆ ಆರೂವರೆ ಇಂಚು. ಅಗಲ ಸರಿ ಇದ್ದರೆ ಸಾಲದು, ಆಳವೂ ಬೇಕು. ಗಾಜನ್ನು ಪೂರ್ತಿ ಇಳಿಸಿ, ಬಾಗಿಲಿನ ತಗಡಿನಿಂದ ಗಾಜಿನವರೆಗೆ ಸ್ಕೇಲ್ ಇಟ್ಟು ಅಳೆದೆ. ಹೊಸ ಸ್ಪೀಕರಿನ ಮ್ಯಾಗ್ನೆಟ್ ಕೂದಲೆಳೆಯಲ್ಲಿ ಪಾರಾಗುತ್ತಿತ್ತು. ಅಷ್ಟು ನಂಬಿಕೊಂಡು ಬಿಡಲಿಲ್ಲ, ಪಿವಿಸಿ ಬೋರ್ಡಿನಲ್ಲಿ 12 ಮಿಲಿಮೀಟರ್ ದಪ್ಪದ ರಿಂಗ್ ಕತ್ತರಿಸಿ ಕೆಳಗೆ ಕೊಟ್ಟೆ. ಸಾದಾ ಪ್ಲೈವುಡ್ ಬೇಡ ಅಂತ ನನ್ನ ಸಲಹೆ. ಮಳೆನೀರು ಗಾಜಿನ ಮೇಲಿಂದ ಬಾಗಿಲಿನ ಒಳಗೇ ಇಳಿದು ಕೆಳಗಿನ ತೂತಿನಿಂದ ಹೋಗುತ್ತದೆ. ಕರಾವಳಿಯ ಆಷಾಢ ಕಂಡವರಿಗೆ ಪ್ಲೈವುಡ್ ಎಷ್ಟು ದಿನ ಬಾಳುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಕೋನ್ ಸುತ್ತಲಿನ ಅಂಚು ರಬ್ಬರಿನದು ಆರಿಸಿದ್ದೂ ಇದಕ್ಕೇ. ಮನೆಯಲ್ಲಿ ಎತ್ತಿಟ್ಟಿದ್ದ ಹಳೆಯ ಜೋಡಿಯನ್ನು ತೆಗೆದು ನೋಡಿದೆ. ಎಡಗಡೆಯದರ ಫೋಮ್ ಅಂಚನ್ನು ಬೆರಳಿನಿಂದ ಮುಟ್ಟಿದರೆ ಒದ್ದೆ ಬೂದಿಯ ಹಾಗೆ ಕೈಗೆ ಮೆತ್ತಿಕೊಂಡಿತು. ಪರಪರ ಸದ್ದಿನ ಮೂಲ ಅದೇ.

ಎಲ್ಲ ಕೂಡಿಸಿ ಹಾಡು ಹಾಕಿದೆ. ಸದ್ದು ಜೋರಾಗಿಯೇ ಬಂತು, ಆದರೆ ಮದ್ದಳೆಯ ಗುಂಗು ಎಲ್ಲೋ ಮಾಯ. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಚೆನ್ನಾಗಿದೆ, ಬಲಕ್ಕೂ ಚೆನ್ನಾಗಿದೆ. ಎರಡೂ ಸೇರಿದರೆ ತೆಳ್ಳಗೆ. ಒಂದು ಕಡೆ ಪ್ಲಸ್ ಮೈನಸ್ ಅದಲುಬದಲಾಗಿದೆ ಅಂತ ಆಗ ಹೊಳೆಯಿತು. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋದರೆ ಕೆಳಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಸ್ಟೀರಿಯೋ ಹಿಂದಿನ ಕನೆಕ್ಟರ್ ಬಿಚ್ಚಿ, ಸ್ಪೀಕರಿಗೆ ಹೋಗುವ ಎರಡು ವೈರುಗಳಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿದೆ. ಸೆಲ್ಲಿನ ಪ್ಲಸ್ ಸರಿಯಾದ ವೈರಿಗೆ ತಾಗಿದರೆ ಕೋನ್ ಹೊರಕ್ಕೆ ಬರಬೇಕು. ಬಲಗಡೆ ಟಪ್ ಅಂತ ಹೊರಕ್ಕೆ ಬಂತು. ಎಡಗಡೆ ಒಳಕ್ಕೆ ಹೋಯಿತು. ಮೊದಲು ಹಾಕಿದವರು ಅಲ್ಲಿ ಕನೆಕ್ಟರ್ ಕತ್ತರಿಸಿ ವೈರುಗಳನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದ್ದರು. ಬಿಡಿಸಿ, ಸರಿಮಾಡಿ, ಬೆಸುಗೆ ಹಾಕಿದೆ. ಬಾಗಿಲಿನ ಪ್ಲಾಸ್ಟಿಕ್ ಹಾಳೆಯನ್ನೂ ಮರೆಯದೆ ವಾಪಸ್ ಅಂಟಿಸಿದೆ. ಅದಿಲ್ಲದಿದ್ದರೆ ನೀರು ಕಾರಿನೊಳಗೆ ಬರುತ್ತದೆ.

ಮತ್ತೆ ಅದೇ ಪ್ರಸಂಗ ಹಾಕಿದಾಗ ಚಂಡೆ ಬೇರೆ, ಮದ್ದಳೆ ಬೇರೆ, ನಡುವೆ ತಾಳದ ಸಣ್ಣ ಕಿಣಿ ಬೇರೆ. ಭಾಗವತರು ಡ್ಯಾಶ್‌ಬೋರ್ಡಿನ ನಡುವೆ ಕೂತ ಹಾಗೆ. ನಾನೂ ಹೆಂಡತಿಯೂ ಮನೆ ಮುಂದೆ ನಿಂತ ಕಾರಿನಲ್ಲೇ ಒಂದು ಗಂಟೆ ಕೂತು ಕೇಳಿದೆವು.

ಹಿಂದಿನ ಬಾಗಿಲುಗಳಲ್ಲಿ ಇನ್ನೂ ಹಳೆಯವೇ ಇವೆ. ಸದ್ದನ್ನು ಹಿಂದೆ ಮುಂದೆ ಹಂಚುವ ಫೇಡರನ್ನು ಮುಂದಕ್ಕೆ ತಿರುಗಿಸಿಟ್ಟಿದ್ದೇನೆ, ಸದ್ಯಕ್ಕೆ ಅದು ಸಾಕು.