ಎಂಜಿಬಿಗೆ ಎಲೆಕ್ಟ್ರಾನಿಕ್ ಇಗ್ನಿಷನ್: ಮೊದಲು ಡಿಸ್ಟ್ರಿಬ್ಯೂಟರ್ ನೋಡಿ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಪಾಯಿಂಟ್ (ಕಿಡಿಗಾಗಿ ಕಾಯಿಲಿನ ಕರೆಂಟನ್ನು ಕಡಿಯುವ ಸ್ವಿಚ್ಚು) ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಕೊಡಿ ಎಂದು ಹುಬ್ಬಳ್ಳಿ ಗೋಕುಲ ರಸ್ತೆಯ ನನ್ನ ಶೆಡ್ಡಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಕಿಟ್ಟಿನ ಡಬ್ಬಿ ಆಮೇಲೆ ಒಡೆಯೋಣ, ಮೊದಲು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆಯಿರಿ.

ಒಳಗೆ ಶಾಫ್ಟಿನ ತುದಿಯಲ್ಲಿರುವ ರೋಟರ್ ಹಿಡಿದು ಅತ್ತಿತ್ತ ಅಲುಗಾಡಿಸಿ. ಶಾಫ್ಟ್ ಪಕ್ಕಕ್ಕೆ ಆಡಿದರೆ ಅದನ್ನು ಹಿಡಿದಿಡುವ ಬುಷ್ ಸವೆದಿದೆ. ಎಂಥ ಮಾಡ್ಯೂಲ್ (ಕಿಟ್ಟಿನ ಎಲೆಕ್ಟ್ರಾನಿಕ್ ಭಾಗ) ಹಾಕಿದರೂ ಕಿಡಿ ಹೊತ್ತಿಗೆ ಸರಿಯಾಗಿ ಬೀಳುವುದಿಲ್ಲ. ರೋಟರನ್ನು ಅದು ತಿರುಗುವ ದಿಕ್ಕಿಗೆ, ಎಂದರೆ ಎಂಜಿಬಿಯಲ್ಲಿ ಎಡಕ್ಕೆ (ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು), ತುಸು ತಿರುಗಿಸಿ ಬಿಡಿ. ಸ್ಪ್ರಿಂಗ್ ಎಳೆತಕ್ಕೆ ತಾನಾಗಿ ಹಿಂದಕ್ಕೆ ಬರಬೇಕು. ಬರದಿದ್ದರೆ ಬೇಸ್ ಪ್ಲೇಟಿನ ಕೆಳಗಿನ, ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಬೀಳಿಸುವ ತೂಕಗಳು ಕಚ್ಚಿಕೊಂಡಿವೆ. ನಮ್ಮ ಕಡೆಯ ಎರೆಮಣ್ಣಿನ ಧೂಳು ಹಳೆಯ ಎಣ್ಣೆಗೆ ಸೇರಿದರೆ ಅರಗಿನಂತೆ ಗಟ್ಟಿಯಾಗುತ್ತದೆ. ಬಿಚ್ಚಿ ತೊಳೆದು, ಒಂದೆರಡು ಹನಿ ಎಣ್ಣೆ ಬಿಡಿ.

ಬೇಸ್ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಹೋಗುವ ಸಣ್ಣ ಅರ್ಥ್ ತಂತಿಯನ್ನು ಯಾರೂ ಗಮನಿಸುವುದಿಲ್ಲ. ಹೊದಿಕೆಯೊಳಗೆ ಎಳೆಗಳು ತುಂಡಾಗಿದ್ದರೂ ಮೇಲೆ ಕಾಣದು. ಎಂಜಿನ್ನಿನ ವ್ಯಾಕ್ಯೂಮ್ (ಹೀರುವ ಸೆಳೆತ) ಈ ಪ್ಲೇಟನ್ನು ಎಳೆದಾಗ ಮಾತ್ರ ಎಂಜಿನ್ ಮುಗ್ಗರಿಸುತ್ತದೆ. ಆಗ ಎಲ್ಲರೂ ಕಾರ್ಬುರೇಟರನ್ನು ಬೈಯುತ್ತಾರೆ. ಮಲ್ಟಿಮೀಟರ್ ಹಚ್ಚಿ, ಪ್ಲೇಟನ್ನು ಕೈಯಿಂದ ಸರಿಸುತ್ತ ಪರೀಕ್ಷಿಸಿ.

ಇನ್ನು ಕಿಟ್. 1967ರಲ್ಲಿ ಮಾರ್ಕ್ 2 ಬರುವ ತನಕ ಎಂಜಿಬಿಯದು ಪಾಸಿಟಿವ್ ಅರ್ಥ್. ಎಷ್ಟೋ ಕಾರುಗಳನ್ನು ಆಮೇಲೆ ಬದಲಾಯಿಸಿದ್ದಾರೆ, ಆದ್ದರಿಂದ ಪುಸ್ತಕವನ್ನಲ್ಲ, ಬ್ಯಾಟರಿಯ ಯಾವ ತುದಿ ಕಾರಿನ ಬಾಡಿಗೆ ಸೇರಿದೆ ಎಂಬುದನ್ನು ನೋಡಿ. ತಪ್ಪು ಕಿಟ್ ಹಾಕಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕಾಯಿಲ್ ಪ್ರೈಮರಿಯನ್ನೂ (ಬ್ಯಾಟರಿ ಕರೆಂಟ್ ಹರಿಯುವ ಸುತ್ತು) ಅಳೆಯಿರಿ: ಸುಮಾರು 3 ಓಮ್ ಇದ್ದರೆ ಸಾದಾ 12 ವೋಲ್ಟ್ ಕಾಯಿಲ್. 1.5 ಓಮ್ ಇದ್ದರೆ ಅದು ಬ್ಯಾಲಸ್ಟ್ (ವೋಲ್ಟ್ ಇಳಿಸುವ ರೆಸಿಸ್ಟರ್) ಜೊತೆ ಬಳಸುವಂಥದ್ದು. ಅದು ಕಿಟ್ಟಿಗೆ ಹೊಂದುತ್ತದೆಯೇ ಎಂದು ಕಿಟ್ಟಿನ ಕಾಗದದಲ್ಲಿ ನೋಡಿಕೊಳ್ಳಿ.

ಬ್ಯಾಟರಿ ತಂತಿ ಬಿಚ್ಚಿ. ಪಾಯಿಂಟ್, ಕಂಡೆನ್ಸರ್ ತೆಗೆದು ಮಾಡ್ಯೂಲ್ ಕೂರಿಸಿ, ಮ್ಯಾಗ್ನೆಟ್ ಬಳೆಯನ್ನು ಕ್ಯಾಮಿನ ಮೇಲೆ ಪೂರ್ತಿ ಕೆಳಗಿಳಿಯುವಂತೆ ಒತ್ತಿ. ನೆಗೆಟಿವ್ ಅರ್ಥ್ ಕಾರಿನಲ್ಲಿ ಸಾಮಾನ್ಯವಾಗಿ ಕೆಂಪು ತಂತಿ ಕಾಯಿಲ್ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಬ್ಯಾಲಸ್ಟ್ ಇದ್ದರೆ ಕೆಂಪು ತಂತಿಗೆ ಬ್ಯಾಲಸ್ಟ್‌ಗಿಂತ ಮೊದಲೇ ಪೂರ್ತಿ 12 ವೋಲ್ಟ್ ಕೊಡಿ. ತಾಮ್ರದ ಪ್ಲಗ್ ವೈರುಗಳನ್ನು ತೆಗೆದು ರೆಸಿಸ್ಟರ್ ವೈರ್ ಹಾಕಿ. ಫೈರಿಂಗ್ ಆರ್ಡರ್ 1-3-4-2. ಎಂಜಿನ್ ಓಡದಿರುವಾಗ ಇಗ್ನಿಷನ್ ಆನ್ ಇಟ್ಟು ಹಾಡು ಕೇಳುತ್ತ ಕೂರಬೇಡಿ. ಕಾಯಿಲ್, ಮಾಡ್ಯೂಲ್ ಎರಡೂ ಕಾದು ಕೆಡುತ್ತವೆ.

ಟೈಮಿಂಗ್ ಮತ್ತೆ ಹೊಂದಿಸಲೇಬೇಕು, ಏಕೆಂದರೆ ಮಾಡ್ಯೂಲ್ ಕಿಡಿ ಕೊಡುವ ಗಳಿಗೆ ಪಾಯಿಂಟಿನದಕ್ಕಿಂತ ಬೇರೆ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು, ನಿಮ್ಮ ಎಂಜಿನ್ ನಂಬರಿಗೆ ಕೈಪಿಡಿ ಹೇಳುವ ಡಿಗ್ರಿಗೆ ತನ್ನಿ. ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಬಲಕ್ಕೆ ತಿರುಗಿಸಿದರೆ ಅಡ್ವಾನ್ಸ್, ಎಂದರೆ ಕಿಡಿ ಬೇಗ ಬೀಳುತ್ತದೆ. ಹಳೆಯ ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನಲ್ಲಿ ಸಣ್ಣ ತಿರುಪು ಗುಬ್ಬಿ ಇರುತ್ತದೆ, ಕೂದಲೆಳೆಯಷ್ಟು ಸರಿಪಡಿಸಲು ಅದಕ್ಕಿಂತ ಚಂದದ ಏರ್ಪಾಡನ್ನು ನಾನು ಕಂಡಿಲ್ಲ.

ತೆಗೆದ ಪಾಯಿಂಟ್, ಕಂಡೆನ್ಸರ್, ಜೊತೆಗೆ ಅಂತರ ಅಳೆಯುವ ಫೀಲರ್ ಗೇಜ್ ಮೂರನ್ನೂ ಡಬ್ಬಿಯಲ್ಲಿ ಕಟ್ಟಿ ಕಾರಿನಲ್ಲೇ ಇಡಿ. ಕಾರವಾರಕ್ಕೆ ಹೊರಟಾಗ ಅರಬೈಲು ಘಟ್ಟದಲ್ಲಿ ಮಾಡ್ಯೂಲ್ ಕೈಕೊಟ್ಟರೆ ಹೊಸದು ಸಿಗದು, ಪಾಯಿಂಟನ್ನು 0.38 ಮಿಲಿಮೀಟರ್ ಅಂತರಕ್ಕೆ ಹೊಂದಿಸಿಕೊಂಡರೆ ಊರು ಮುಟ್ಟಬಹುದು.