ಐಸಾಕ್ ಸ್ಟೀವನ್ಸ್ ಬದುಕು ಬರೆಯಲು ಕೂತಾಗ

ಅಮೆರಿಕದ ವಾಷಿಂಗ್ಟನ್ ಟೆರಿಟರಿಯ ಮೊದಲ ಗವರ್ನರ್ ಐಸಾಕ್ ಸ್ಟೀವನ್ಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1818ರಿಂದ ಶುರು ಮಾಡುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟು, 1839ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ತರಗತಿಗೇ ಮೊದಲು, ಆಮೇಲೆ ಎಂಜಿನಿಯರ್ ದಳ, ಮೆಕ್ಸಿಕೋ ಯುದ್ಧದಲ್ಲಿ ಪಾದಕ್ಕೆ ಗುಂಡೇಟು. ಎಲ್ಲವೂ ನಿಜ. ಆದರೆ ಹೀಗೆ ಬರೆದರೆ ಎರಡನೇ ಪುಟ ಬರುವಷ್ಟರಲ್ಲಿ ಓದುವವರು ಆಕಳಿಸುತ್ತಾರೆ. ನಾನು 1854ರ ಡಿಸೆಂಬರ್ 26ರಿಂದ ಶುರು ಮಾಡಿದೆ. ಅವತ್ತು ಮೆಡಿಸಿನ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ಆತ ಅಲ್ಲಿನ ಬುಡಕಟ್ಟುಗಳಿಂದ ನೆಲ ಬಿಟ್ಟುಕೊಡುವ ತನ್ನ ಮೊದಲ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ.

ಬರೆಯುತ್ತಿದ್ದುದು ಸಿಯಾಟಲ್ ಸುತ್ತಮುತ್ತ ಇರುವ ನಮ್ಮ ಕನ್ನಡದವರಿಗಾಗಿ. ಇಲ್ಲಿ ಅವನ ಹೆಸರಿನ ಊರಿದೆ, ಕೌಂಟಿ ಇದೆ, ಲೇಕ್ ಸ್ಟೀವನ್ಸ್ ಅಂತ ಕೆರೆಯೂ ಇದೆ. (ಹಿಮದಲ್ಲಿ ಆಡೋಕೆ ಹೋಗುವ ಸ್ಟೀವನ್ಸ್ ಪಾಸ್ ಮಾತ್ರ ಇವನದಲ್ಲ, ಅದು ಜಾನ್ ಸ್ಟೀವನ್ಸ್ ಎಂಬ ರೈಲ್ವೆ ಎಂಜಿನಿಯರ್ ಹೆಸರು. ಇದನ್ನು ಹೇಳಿದಾಗಲೇ ಹೆಚ್ಚಿನವರು ಕಿವಿ ನಿಮಿರಿಸಿದ್ದು!) ಕರ್ನಾಟಕಕ್ಕೂ ಇವನಿಗೂ ಸಂಬಂಧವೇ ಇಲ್ಲ, ಸುಮ್ನೆ ಎಳೆದು ತರುವ ಗೋಜಿಗೂ ಹೋಗಲಿಲ್ಲ. ನಾವು ಮನೆ ಮಾಡಿಕೊಂಡಿರುವ ನೆಲ ಯಾವ ಕಾಗದದ ಮೇಲೆ ಕೈ ಬದಲಾಯಿತು ಅಂತ ತಿಳಿಯಲು ಅಷ್ಟೇ ಸಾಕಲ್ವಾ?

ಮೊದಲು ಮಾಡಿದ್ದು ಒಂದು ಸ್ಪ್ರೆಡ್‌ಶೀಟ್. ಒಂದು ಸಾಲಿನಲ್ಲಿ ತಾರೀಖು, ಊರು, ಅಲ್ಲಿ ಏನಾಯಿತು, ಮತ್ತು ಇದನ್ನು ನಮಗೆ ಹೇಳುತ್ತಿರುವವರು ಯಾರು. ಈ ಕೊನೆಯ ಕಾಲಂ ಇಲ್ಲದಿದ್ದರೆ ಕೆಲಸ ಕೆಡುತ್ತದೆ. ಯಾಕೆಂದರೆ ಸ್ಟೀವನ್ಸ್ ಬಗ್ಗೆ ಕೈಗೆ ಸುಲಭವಾಗಿ ಸಿಗುವ ದೊಡ್ಡ ಜೀವನಚರಿತ್ರೆ ಅವನ ಮಗ ಹ್ಯಾಜರ್ಡ್ 1900ರಲ್ಲಿ ಎರಡು ಸಂಪುಟದಲ್ಲಿ ಬರೆದದ್ದು. ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ವಾಲಾ ವಾಲಾದಲ್ಲಿ ಬುಡಕಟ್ಟುಗಳೊಂದಿಗೆ ನಡೆದ ಒಪ್ಪಂದದ ಸಭೆಗೆ ಹೋಗಿದ್ದವನು, ಮುಂದೆ 1870ರಲ್ಲಿ ಮೌಂಟ್ ರೇನಿಯರ್ ಹತ್ತಿದವನೂ ಇವನೇ. ಕಣ್ಣಾರೆ ಕಂಡವನು, ಸರಿ. ಆದರೆ ಮಗ. ನಾನು ಅಲ್ಲಿಂದ ತಾರೀಖು, ದಾರಿ, ಊಟ-ವಸತಿಯ ವಿವರ ತೆಗೆದುಕೊಂಡೆ. ಅಪ್ಪ ಮಾಡಿದ್ದು ಸರಿಯೋ ತಪ್ಪೋ ಅನ್ನುವ ಮಾತನ್ನು ಅಲ್ಲೇ ಬಿಟ್ಟೆ.

ತಾರೀಖುಗಳನ್ನು ಸಾಲಾಗಿ ಇಟ್ಟ ಕೂಡಲೇ ಮನುಷ್ಯ ಕಾಣಿಸತೊಡಗಿದ. ಏನು ಅವಸರ! 1853ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ಟೆರಿಟರಿ (ಇನ್ನೂ ರಾಜ್ಯವಾಗದ ಪ್ರದೇಶ) ಹುಟ್ಟಿತು. ಅಧ್ಯಕ್ಷ ಪಿಯರ್ಸ್ ಪರವಾಗಿ ಚುನಾವಣೆಯಲ್ಲಿ ಓಡಾಡಿದ್ದಕ್ಕೆ ಸ್ಟೀವನ್ಸ್‌ಗೆ ಗವರ್ನರ್ ಹುದ್ದೆ ಸಿಕ್ಕಿತು, ಆತ ಸೇನೆಗೆ ರಾಜೀನಾಮೆ ಕೊಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಬುಡಕಟ್ಟುಗಳ ವ್ಯವಹಾರದ ಮೇಲ್ವಿಚಾರಕನೂ ಅವನೇ, ಪೆಸಿಫಿಕ್‌ವರೆಗಿನ ಉತ್ತರದ ರೈಲು ದಾರಿಯ ಸರ್ವೆಯ ಮುಖ್ಯಸ್ಥನೂ ಅವನೇ. ದಾರಿ ಅಳೆಯುತ್ತಲೇ ಬಂದು ನವೆಂಬರ್ ಕೊನೆಗೆ ಒಲಿಂಪಿಯಾ ತಲುಪಿದ. ಈ ಮೂರೂ ಕೆಲಸ ಬೇರೆ ಬೇರೆ ಅಂತ ಬರೆದರೆ ಕಥೆ ಅರ್ಥವಾಗುವುದಿಲ್ಲ: ರೈಲು ಬರಬೇಕು, ಅದಕ್ಕೆ ವಲಸಿಗರು ಬರಬೇಕು, ಅವರಿಗೆ ನೆಲ ಬೇಕು, ನೆಲದಲ್ಲಿ ಆಗಲೇ ಜನ ಇದ್ದಾರೆ.

ಹಾಗಾಗಿ ಒಪ್ಪಂದಗಳು. ಮೆಡಿಸಿನ್ ಕ್ರೀಕ್ ಆದ ಸುಮಾರು ಐದೇ ವಾರದಲ್ಲಿ ಪಾಯಿಂಟ್ ಎಲಿಯಟ್, ಪಾಯಿಂಟ್ ನೋ ಪಾಯಿಂಟ್, ನೀಯಾ ಬೇ, ಮೂರನ್ನೂ ಮುಗಿಸಿದ. ಮಳೆಗಾಲದ ಚಳಿಯಲ್ಲಿ, ಚಿನೂಕ್ ಜಾರ್ಗನ್ ಎಂಬ ಸುಮಾರು 500 ಪದಗಳ ವ್ಯಾಪಾರದ ಮಾತಿನಲ್ಲಿ. ತುಪ್ಪಟ, ಮೀನು ಕೊಳ್ಳೋಕೆ ಆ ಮಾತು ಸಾಕು. ನೆಲದ ಹಕ್ಕು ಬಿಟ್ಟುಕೊಡುವ ಕರಾರನ್ನು ಅದರಲ್ಲಿ ಹೇಗೆ ವಿವರಿಸಿದರೋ!

ಮೆಡಿಸಿನ್ ಕ್ರೀಕ್ ಒಪ್ಪಂದ ಚಿಕ್ಕದು. ನಿಜವಾಗಿ ಕೂತು ಓದಿ, ಒಂದು ಸಂಜೆಯ ಕೆಲಸ. ಸುಮಾರು 22 ಲಕ್ಷ 40 ಸಾವಿರ ಎಕರೆ ಬಿಟ್ಟುಕೊಟ್ಟದ್ದಕ್ಕೆ 32,500 ಡಾಲರ್, ಅದೂ ಕಂತಿನಲ್ಲಿ, 20 ವರ್ಷ. ಬುಡಕಟ್ಟುಗಳಿಗೆ ಉಳಿದದ್ದು ತಲಾ 1,280 ಎಕರೆಯ ಮೂರು ತುಂಡು. ಈ ಬುಡಕಟ್ಟುಗಳಲ್ಲಿ ಒಂದಾದ ನಿಸ್ಕ್ವಾಲಿ ಜನ ನದಿ ದಂಡೆಯ ಹುಲ್ಲುಗಾವಲಲ್ಲಿ ಕುದುರೆ ಮೇಯಿಸುವವರು. ಅವರಿಗೆ ಸಿಕ್ಕಿದ್ದು ಕಾಡು ತುಂಬಿದ ದಿಬ್ಬ. ಅವರ ನಾಯಕ ಲೆಶೈ ಹೆಸರಿನ ಮುಂದೆ ಒಂದು ಗೀಟು ಇದೆ. ಅದನ್ನು ಹಾಕಿದವನು ಅವನೇನಾ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ, ಆದ್ದರಿಂದ 'ಲೆಶೈ ಸಹಿ ಹಾಕಿದ' ಅಂತ ನಾನು ಬರೆಯಲಿಲ್ಲ, 'ಗೀಟು ಇದೆ' ಅಂತಷ್ಟೇ ಬರೆದೆ.

ಮೂರನೇ ಕಲಮನ್ನು ಪೂರ್ತಿ ಕನ್ನಡದಲ್ಲಿ ಕೊಟ್ಟೆ. ಮೊದಲಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ, ಟೆರಿಟರಿಯ ಎಲ್ಲ ನಾಗರಿಕರ ಜೊತೆಗೆ, ಮೀನು ಹಿಡಿಯುವ ಹಕ್ಕು ಅವರಿಗೆ ಇರುತ್ತದೆ. 120 ವರ್ಷ ಹತ್ತಿರವಾಗುವಾಗ, 1974ರಲ್ಲಿ, ನ್ಯಾಯಾಧೀಶ ಜಾರ್ಜ್ ಬೋಲ್ಟ್ ಈ ಒಂದು ವಾಕ್ಯವನ್ನೇ ಹಿಡಿದು ಹಿಡಿಯಬಹುದಾದ ಸಾಲ್ಮನ್‌ನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು ಅಂದರು. ಸುಪ್ರೀಂ ಕೋರ್ಟ್ 1979ರಲ್ಲಿ ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಸ್ಟೀವನ್ಸ್ ಅವಸರದಲ್ಲಿ ಬರೆಸಿದ ಎಲ್ಲದರಲ್ಲೂ ಅವನು ನೆನೆಸದ ಕಡೆಯಿಂದ ಫಲ ಕೊಟ್ಟದ್ದು ಇದೇ ಅಂತ ನನಗನಿಸುತ್ತದೆ.

1855ರ ಕೊನೆಗೆ ಬುಡಕಟ್ಟುಗಳ ಜೊತೆ ಯುದ್ಧ ಶುರುವಾಯಿತು. ಕದನಗಳ ವಿವರಕ್ಕೆ ನಾನು ಜಾಸ್ತಿ ಜಾಗ ಕೊಡಲಿಲ್ಲ, ಕೋರ್ಟಿನ ಕಥೆಗೆ ಕೊಟ್ಟೆ. ಅದು ಹೀಗಿದೆ. ತುಪ್ಪಟ ವ್ಯಾಪಾರದ ಬ್ರಿಟಿಷ್ ಸಂಸ್ಥೆ ಹಡ್ಸನ್ ಬೇ ಕಂಪನಿಯಲ್ಲಿ ಹಿಂದೆ ಕೆಲಸ ಮಾಡಿದ್ದ, ಮೂಲ ನಿವಾಸಿ ಹೆಂಗಸರನ್ನು ಮದುವೆಯಾಗಿದ್ದ ಕೆಲವು ರೈತರು ಶತ್ರುಗಳಿಗೆ ಸಹಾಯ ಮಾಡುತ್ತಿದ್ದಾರೆ ಅಂತ ಸ್ಟೀವನ್ಸ್‌ಗೆ ಗುಮಾನಿ. ಹಿಡಿಸಿ ಒಳಗೆ ಹಾಕಿದ. ಅವರು ಕೋರ್ಟಿಗೆ ಹೋಗುತ್ತಾರೆ ಅಂತ ಗೊತ್ತಾಗಿ 1856ರ ಏಪ್ರಿಲ್‌ನಲ್ಲಿ ಪಿಯರ್ಸ್ ಕೌಂಟಿಯಲ್ಲಿ ಸೇನಾ ಆಡಳಿತ ಘೋಷಿಸಿದ. ಮೇ ತಿಂಗಳಲ್ಲಿ ನ್ಯಾಯಾಧೀಶ ಎಡ್ವರ್ಡ್ ಲ್ಯಾಂಡರ್ ಕೋರ್ಟು ನಡೆಸಲು ಕೂತರೆ, ಅವರನ್ನೇ ಪೀಠದಿಂದ ಹಿಡಿದುಕೊಂಡು ಹೋದರು! ಕೊನೆಗೆ ನ್ಯಾಯಾಂಗ ನಿಂದನೆಗೆ ಗವರ್ನರ್‌ಗೆ 50 ಡಾಲರ್ ದಂಡ ಬಿತ್ತು. ಆತ ಏನು ಮಾಡಿದ ಗೊತ್ತಾ? ಅಧ್ಯಕ್ಷರ ಅಭಿಪ್ರಾಯ ಬರುವವರೆಗೆ ದಂಡ ತಡೆಹಿಡಿಯಲಾಗಿದೆ ಅಂತ ಗವರ್ನರ್ ಅಧಿಕಾರದಲ್ಲಿ ತನಗೆ ತಾನೇ ಆದೇಶ ಬರೆದುಕೊಂಡ. ಓದಿದವರೆಲ್ಲ ಇಲ್ಲೇ ನಕ್ಕರು.

ಲೆಶೈ ವಿಷಯ ನಗುವಂಥದ್ದಲ್ಲ. ಯುದ್ಧದಲ್ಲಿ ಸತ್ತ ಒಬ್ಬ ಸ್ವಯಂಸೇವಕ ಸೈನಿಕನ ಕೊಲೆ ಆರೋಪ ಹೊರಿಸಿದರು. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಎರಡನೆಯದರಲ್ಲಿ ಅಪರಾಧಿ ಅಂದರು. 1858ರ ಫೆಬ್ರವರಿ 19ರಂದು ಗಲ್ಲು. ಆ ಹೊತ್ತಿಗೆ ಸ್ಟೀವನ್ಸ್ ಕಾಂಗ್ರೆಸ್‌ಗೆ ಟೆರಿಟರಿಯ ಪ್ರತಿನಿಧಿಯಾಗಿ ಹೋಗಿದ್ದ. 2004ರಲ್ಲಿ ಒಂದು ಚಾರಿತ್ರಿಕ ನ್ಯಾಯಪೀಠ ಲೆಶೈ ನಿರ್ದೋಷಿ ಅಂದಿತು, ಅದಕ್ಕೆ ಕಾನೂನಿನ ಬಲವಿಲ್ಲ. ಈ ಭಾಗ ಬರೆಯುವಾಗ ಸ್ಟೀವನ್ಸ್ ಮೇಲೆ ಸಿಟ್ಟು ಬಂದಿತ್ತು, ಆದರೆ ಸಿಟ್ಟಿನ ವಾಕ್ಯಗಳನ್ನು ತೆಗೆದು ತಾರೀಖುಗಳನ್ನಷ್ಟೇ ಉಳಿಸಿದೆ. ಅದೇ ಜಾಸ್ತಿ ಮಾತಾಡುತ್ತದೆ.

ಸ್ಟೀವನ್ಸ್ ಸಾವಿಗೆ ಒಂದೇ ಪ್ಯಾರಾ. ಅಮೆರಿಕದ ಅಂತರ್ಯುದ್ಧ ಶುರುವಾದಾಗ ಆತ ಮತ್ತೆ ಸೇನೆ ಸೇರಿದ. 1862ರ ಸೆಪ್ಟೆಂಬರ್ 1, ವರ್ಜೀನಿಯಾದ ಶಾಂಟಿಲಿ, ಗುಡುಗು ಮಳೆ. ಧ್ವಜ ಹಿಡಿದವರು ಬೀಳುತ್ತಿದ್ದಾಗ ತಾನೇ ಎತ್ತಿಕೊಂಡು ಮುಂದೆ ಹೋದ, ತಲೆಗೆ ಗುಂಡು ಬಿತ್ತು. ಅದೇ ಕದನದಲ್ಲಿ ಹ್ಯಾಜರ್ಡ್‌ಗೂ ಗಾಯವಾಯಿತು. ಧೈರ್ಯಸ್ಥ ಅನ್ನೋದರಲ್ಲಿ ಎರಡು ಮಾತಿಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇರಲಿಲ್ಲ. ಆದರೆ ಹೆಚ್ಚಿನ ಬರಹಗಳು ಈ ಧ್ವಜದ ಚಿತ್ರದಲ್ಲೇ ಮುಗಿದು ಹಿಂದಿನದೆಲ್ಲ ತೊಳೆದು ಹೋಗುತ್ತದೆ, ಹಾಗಾಗಿ ನಾನು ಇದನ್ನು ಮಧ್ಯಕ್ಕೆ ತಂದು, ಬೋಲ್ಟ್ ತೀರ್ಪನ್ನು ಕೊನೆಗೆ ಇಟ್ಟೆ.

ನೀವೂ ಇಂಥದ್ದು ಬರೆಯುವುದಾದರೆ, ಮೊದಲು ಒಪ್ಪಂದದ ಮೂಲ ಪಾಠ ಓದಿ. ಆಮೇಲೆ ನಿಸ್ಕ್ವಾಲಿ ಜನ ತಮ್ಮ ಕಥೆ ಹೇಗೆ ಹೇಳುತ್ತಾರೆ ನೋಡಿ. ಮಗನ ಎರಡು ಸಂಪುಟಗಳನ್ನು ಕೊನೆಗೆ ಇಟ್ಟುಕೊಳ್ಳಿ.