ಮರಗಸಿಗೆ ಹೊರಟಿದ್ದೀರಾ? ಮೊದಲು ‘ಬಿಡ್ಲಾ?’ ಕಲಿಯಿರಿ

ಏಪ್ರಿಲ್ ಕೊನೆಗೋ ಮೇ ಮೊದಲ ವಾರಕ್ಕೋ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಪಕ್ಕ ಹಾದುಹೋದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮರದ ತುದಿಯಿಂದ ಒಬ್ಬ ‘ಬಿಡ್ಲಾ?’ ಎಂದು ಕೂಗುತ್ತಾನೆ. ಕೆಳಗಿಂದ ಇನ್ನೊಬ್ಬ ‘ಬಿಡು’ ಅನ್ನುತ್ತಾನೆ. ಆಮೇಲೆ ಸರ್ರನೆ ಎಲೆ ಸವರಿಕೊಂಡು ಕೊಂಬೆ ಬೀಳುವ ಸದ್ದು. ಅದರ ಹಿಂದೆಯೇ ಒಂದು ಬೈಗುಳ, ಒಂದು ನಗು.

ಇದು ಮರಗಸಿ. ಪೇಟೆಯ ಓದುಗರಿಗೆ ಒಂದು ಮಾತು: ನಮ್ಮ ಕಾಫಿ ಬೆಳೆಯುವುದು ನೆರಳಲ್ಲಿ. ಕೆಳಗೆ ಹಾಲುವಾಣ, ಮೇಲೆ ಅತ್ತಿ, ಹಲಸು, ಸಿಲ್ವರ್ ಓಕ್ ಇತ್ಯಾದಿ. ಮಳೆಗಾಲದಲ್ಲಿ ಈ ನೆರಳು ದಟ್ಟವಾಗಿದ್ದರೆ ಗಿಡ ಒಣಗುವುದೇ ಇಲ್ಲ, ಕೊಳೆ ರೋಗ ಬರುತ್ತದೆ. ಅದಕ್ಕೇ ಮುಂಗಾರು ಹಿಡಿಯುವ ಮುಂಚೆ ಕೊಂಬೆ ಇಳಿಸಿ ಬೆಳಕು ಬಿಡುತ್ತೇವೆ. ಹಾಗಂತ ಬೋಳು ಮಾಡಿದರೂ ಕಷ್ಟ. ಅರೇಬಿಕಾ ತೋಟಕ್ಕೆ ಬಿಸಿಲು ಜಾಸ್ತಿ ಬಿದ್ದರೆ ಬಿಳಿ ಕಾಂಡ ಕೊರಕ ಎನ್ನುವ ಹುಳುವಿಗೆ ಹಬ್ಬ. ಎಷ್ಟು ನೆರಳು ಬಿಡಬೇಕು ಎನ್ನುವುದೇ ಬೇರೆ ಲೇಖನದ ವಿಷಯ, ಇಲ್ಲಿ ಬೇಡ. ಮರ ಹತ್ತಿದವರು ಎರಡು ಕಾಲ ಮೇಲೆ ಇಳಿದು ಬರುವುದು ಹೇಗೆ ಎನ್ನುವುದಷ್ಟೇ ಇವತ್ತಿನ ಮಾತು.

ಹೆಜ್ಜೆ 1: ಹಿಂದಿನ ದಿನವೇ ತಲೆ ಎತ್ತಿ ನೋಡಿ

ಕತ್ತಿ ಮಸೆಯುವ ಮುಂಚೆ ತೋಟ ಸುತ್ತಿ. ಒಣಕೊಂಬೆ ಎಲ್ಲಿದೆ, ಟೊಳ್ಳು ಎಲ್ಲಿದೆ, ಬುಡದಲ್ಲಿ ಅಣಬೆ ಎದ್ದಿದೆಯಾ? ಅಣಬೆ ಎದ್ದ ಮರದ ಒಳಗೆ ಕೊಳೆತ ಶುರುವಾಗಿರಬಹುದು. ಸಿಲ್ವರ್ ಓಕ್ ಬಗ್ಗೆ ವಿಶೇಷ ಎಚ್ಚರ ಬೇಕು. ಆಸ್ಟ್ರೇಲಿಯಾದಿಂದ ಬಂದ ಈ ಮರ ಮೆಣಸಿನ ಬಳ್ಳಿ ಹಬ್ಬಿಸಲು ಚೆನ್ನ, ನೇರ ಬೆಳೆಯುತ್ತದೆ. ಆದರೆ ಕೊಂಬೆ ಪೆಡಸು. ಬಾಗಿ ಸೂಚನೆ ಕೊಡದೆಯೇ ಪಟ್ಟನೆ ಮುರಿಯುತ್ತದೆ. ಅದರ ಕೊಂಬೆಯ ಮೇಲೆ ನಿಲ್ಲಬೇಡಿ, ಕಾಂಡವನ್ನೇ ನಂಬಿ.

ಹೆಜ್ಜೇನು ಇರುವ ಮರಕ್ಕೆ ಆ ವಾರ ಹೋಗಲೇಬೇಡಿ. ಪಕ್ಕದ ಮರದಲ್ಲೂ ಮಿಷನ್ ಗರಗಸದ ಸದ್ದು ಮಾಡಬೇಡಿ. ಚಗಳಿ ಇರುವೆಯಿಂದ ಯಾರೂ ಸಾಯುವುದಿಲ್ಲ. ಆದರೆ 40 ಅಡಿ ಮೇಲೆ ಲುಂಗಿಯೊಳಗೆ ಚಗಳಿ ನುಗ್ಗಿದರೆ ಎರಡೂ ಕೈ ಮರ ಬಿಡುತ್ತವೆ. ಹೋದ ವರ್ಷ ನಮ್ಮಲ್ಲಿ ಹಾಗೇ ಆಯಿತು. ಹುಡುಗ ಬೆಲ್ಟ್ ಹಾಕಿದ್ದ, ಬಚಾವಾದ. ಕೆಳಗಿದ್ದವರು ಮಾತ್ರ ‘ಏನೋ ಯಕ್ಷಗಾನ ಕುಣಿತೀಯಾ, ಟಿಕೆಟ್ ಎಷ್ಟು?’ ಎಂದು ಸಂಜೆವರೆಗೂ ಬಿಡಲಿಲ್ಲ. ಈಗ ಅವನು ಪ್ಯಾಂಟ್ ಹಾಕಿಕೊಂಡೇ ಬರುತ್ತಾನೆ.

ಕೊಂಬೆ ಇಳಿಸುವುದು ಬೇರೆ, ಮರ ಉರುಳಿಸುವುದು ಬೇರೆ. ಕಾಡುಮರ ಬುಡಸಹಿತ ತೆಗೆಯುವುದಿದ್ದರೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಹೆಜ್ಜೆ 2: ಲೈನ್ ಎಲ್ಲಿದೆ?

ಕಾಫಿ ಸೀಮೆಯ ಪೇಪರ್‌ಗಳಲ್ಲಿ ನಾವು ಮತ್ತೆ ಮತ್ತೆ ಓದುವ ಸುದ್ದಿ ಒಂದಿದೆ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಕಾರ್ಮಿಕ ಸಾವು. ಮೆಣಸು ಕೊಯ್ಯುವಾಗಲೂ ಇದೇ, ಮರಗಸಿಯಲ್ಲೂ ಇದೇ. ಹೆಚ್ಚಿನ ಸಲ ಏಣಿ ತಾಗುವುದು ಹತ್ತುವಾಗ ಅಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಎತ್ತಿ ಒಯ್ಯುವಾಗ. ನೆಟ್ಟಗೆ ಹಿಡಿದ ಉದ್ದನೆ ಏಣಿ ಒಂದು ಕಡೆ ವಾಲಿತೆಂದರೆ ಇಬ್ಬರು ಹಿಡಿದರೂ ನಿಲ್ಲುವುದಿಲ್ಲ.

ನಾನೂ ಈ ತಪ್ಪು ಮಾಡಿದವನೇ. ಹಗುರ ಎಂದು ಅಲ್ಯೂಮಿನಿಯಂ ಏಣಿ ತಂದೆ. ಮೇಸ್ತ್ರಿ ಅದನ್ನು ಒಂದು ಸುತ್ತು ನೋಡಿ, ‘ಚೆನ್ನಾಗಿದೆ ಸಾರ್, ಅಮ್ಮಾವ್ರಿಗೆ ಸೀರೆ ಒಣಗಿಸಕ್ಕೆ ಕೊಡಿ’ ಅಂದರು. ನನಗೆ ಸಿಟ್ಟು ಬಂತು. ಮೂರನೇ ದಿನ ಏಣಿ ಸಾಗಿಸುವಾಗ ಅದರ ತುದಿ 11 ಕೆ.ವಿ. ತಂತಿಯ ಕಡೆಗೆ ವಾಲಿತು. ಹಿಡಿದಿದ್ದವರು ಏಣಿ ಬಿಟ್ಟು ಓಡಿದರು. ಅದು ಕಾಫಿ ಗಿಡಗಳ ಮೇಲೆ ಬಿತ್ತು, ಅಷ್ಟೇ. ಈಗ ಅದು ನಿಜವಾಗಿಯೂ ಸೀರೆ ಒಣಗಿಸಲು ಇದೆ.

ಹಾಗಾದರೆ ಏನು ಮಾಡುವುದು? ಬಿದಿರಿನ ಏಣಿ ಅಥವಾ ಫೈಬರ್ ಏಣಿ ಬಳಸಿ. ಬಿದಿರು ಒಣಗಿದ್ದರೆ ಮಾತ್ರ ಸ್ವಲ್ಪ ಭರವಸೆ, ನೆನೆದ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಹಸಿ ಕೊಂಬೆಯಲ್ಲೂ ಅಷ್ಟೇ. ಏಣಿಯನ್ನು ಯಾವಾಗಲೂ ಮಲಗಿಸಿಯೇ ಒಯ್ಯಿರಿ. ತಂತಿಯಿಂದ ಏನಿಲ್ಲವೆಂದರೂ ಹತ್ತಡಿ ದೂರ ಇರಿ, ಬೀಳುವ ಕೊಂಬೆಯನ್ನೂ ಲೆಕ್ಕಕ್ಕೆ ಹಿಡಿದು. ಅಷ್ಟು ಜಾಗ ಇಲ್ಲದ ಮರ ನಿಮ್ಮ ಕೆಲಸವಲ್ಲ. ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬಂದು ಲೈನ್ ತೆಗೆದು ಕರೆಂಟ್ ನಿಲ್ಲಿಸಿದ ಮೇಲೇ ಮುಟ್ಟಿ. ‘ಈಗ ಹೇಗೂ ಕರೆಂಟ್ ಇಲ್ವಲ್ಲ, ಬೇಗ ಮುಗಿಸೋಣ’ ಎನ್ನುವವರು ಪ್ರತಿ ತೋಟದಲ್ಲೂ ಒಬ್ಬರಿರುತ್ತಾರೆ. ಹೋದ ಕರೆಂಟ್ ಹೇಳಿ ಕೇಳಿ ಬರುವುದಿಲ್ಲ.

ಹೆಜ್ಜೆ 3: ಸಾಮಾನು

ಹೆಲ್ಮೆಟ್ ಕೆಳಗಿರುವವನಿಗೆ ಮೊದಲು, ಮೇಲಿರುವವನಿಗೆ ಆಮೇಲೆ. ಯಾಕೆಂದರೆ ಕೊಂಬೆ ಬೀಳುವುದು ಕೆಳಕ್ಕೆ. ಗದ್ದಕ್ಕೆ ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದ ಹೆಲ್ಮೆಟ್ ತಲೆ ಎತ್ತಿ ನೋಡಿದ ಕೂಡಲೇ ಹಿಂದಕ್ಕೆ ಜಾರಿ ಬೀಳುತ್ತದೆ, ಮರಗಸಿಯಲ್ಲಿ ತಲೆ ಎತ್ತಿ ನೋಡುವುದೇ ಕೆಲಸ ಅಲ್ವಾ?

ಹತ್ತುವವನಿಗೆ ಸೊಂಟದ ಬೆಲ್ಟ್ ಒಂದೇ ಸಾಲದು. ಬಿದ್ದಾಗ ಅದು ಹೊಟ್ಟೆಯನ್ನೇ ಹಿಂಡುತ್ತದೆ. ತೊಡೆಗೂ ಭುಜಕ್ಕೂ ಪಟ್ಟಿ ಇರುವ ಪೂರ್ತಿ ಮೈಯ ಬೆಲ್ಟ್ ಬೇಕು, ಅದಕ್ಕೆ ಎರಡು ಹಗ್ಗ. ಕೊಂಬೆ ದಾಟುವಾಗ ಒಂದನ್ನು ಆಚೆಗೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚುವುದು. ಯಾವ ಗಳಿಗೆಯಲ್ಲೂ ಒಂದಾದರೂ ಮರಕ್ಕೆ ಇರಬೇಕು. ಕತ್ತಿ ಬೀಸುವಾಗ ತನ್ನ ಹಗ್ಗವನ್ನು ತಾನೇ ಕಡಿದುಕೊಂಡವರಿದ್ದಾರೆ, ಅದಕ್ಕೇ ಕೊಯ್ಯುವ ಹೊತ್ತಿಗೆ ಎರಡೂ ಬಿಗಿದಿರಲಿ. ವಿದೇಶದಲ್ಲಿ ಮರದ ಕೆಲಸದವರು ಒಳಗೆ ಉಕ್ಕಿನ ತಂತಿ ಇರುವ ಹಗ್ಗ ಬಳಸುವುದು ಇದೇ ಕಾರಣಕ್ಕೆ. ಅದು ಕತ್ತಿಯೇಟಿಗೆ ಬೇಗ ತುಂಡಾಗುವುದಿಲ್ಲ. ಆದರೆ ಲೈನ್ ಹತ್ತಿರ ಅದನ್ನು ತರಬೇಡಿ.

ಅಂಗಡಿಯಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ದನ ಕಟ್ಟಲು ಸಾಕು. ಮನುಷ್ಯರಿಗೆ ಬೇಡ. ಉಜ್ಜಿದರೆ ಬಿಸಿಯಾಗಿ ಕರಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ.

ಮಿಷನ್ ಗರಗಸದ ವಿಷಯಕ್ಕೆ ಬರೋಣ. ಏಣಿಯ ಮೇಲೆ ನಿಂತು ಅದನ್ನು ಓಡಿಸಬಾರದು. ಭುಜಕ್ಕಿಂತ ಮೇಲೆ ಎತ್ತಬಾರದು. ಒಂದು ಕೈಯಲ್ಲಿ ಹಿಡಿಯಲೇಬಾರದು. ಚೈನ್ ಓಡುವ ಉದ್ದನೆ ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿತೋ, ಮಿಷನ್ ಹಿಂದಕ್ಕೆ ಒದೆಯುತ್ತದೆ. ಆ ಒದೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖಕ್ಕೋ ಕುತ್ತಿಗೆಗೋ ಬರುತ್ತದೆ. ಮುಂದಿನ ಹಿಡಿಕೆಯ ಎದುರಿಗಿರುವ ಬ್ರೇಕ್ ಇರುವುದೇ ಅದಕ್ಕೆ. ‘ಅಡ್ಡ ಬರ್ತದೆ’ ಎಂದು ಅದನ್ನು ಕಳಚಿಟ್ಟವರನ್ನು ಕಂಡಿದ್ದೇನೆ. ಕಾಲಿಗೆ ಹಾಕುವ ಚೈನ್‌ಸಾ ಪ್ಯಾಂಟ್ ಅನ್ನು ಗರಗಸ ಕೊಯ್ಯುವುದಿಲ್ಲ ಎಂದು ಹಲವರ ನಂಬಿಕೆ. ಹಾಗಲ್ಲ. ಅದರೊಳಗೆ ಉದ್ದುದ್ದ ನಾರು ತುಂಬಿರುತ್ತದೆ. ಚೈನ್ ಬಟ್ಟೆ ಸೀಳಿದ ಕೂಡಲೇ ಆ ನಾರು ಹೊರಬಂದು ಗಾಲಿಗೆ ಸುತ್ತಿಕೊಂಡು ಮಿಷನ್ ನಿಲ್ಲಿಸುತ್ತದೆ. ಬೆಲೆ ಜಾಸ್ತಿ, ಸೆಖೆಯೂ ಜಾಸ್ತಿ. ಆದರೂ ನೆಲದ ಮೇಲೆ ತುಂಡು ಹಾಕುವವನಿಗೆ ಒಂದನ್ನಾದರೂ ಕೊಡಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಮರದ ಮೇಲೆ ಮಿಷನ್ ಬೇಡವೇ ಬೇಡ. ಕೈಗರಗಸ, ಕತ್ತಿ ಸಾಕು. ಮರಗಸಿಯ ಕೊಂಬೆ ದಿಮ್ಮಿಯೇನಲ್ಲ.

ಹೆಜ್ಜೆ 4: ಮಾತು

ಇದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಮೇಲೊಬ್ಬ, ಕೆಳಗೊಬ್ಬ, ಇಬ್ಬರ ನಡುವೆ ನಾಲ್ಕೇ ಮಾತು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಇವನ್ನು ಒಪ್ಪಿಕೊಂಡಿರಬೇಕು. ‘ಬಿಡ್ಲಾ?’ ಎಂದರೆ ಕೊಂಬೆ ಬೀಳಿಸಲಾ ಎಂದು. ‘ಬಿಡು’ ಬಂದರೆ ಮಾತ್ರ ಕಡೆಯ ಏಟು. ಉತ್ತರ ಬರದಿದ್ದರೆ ‘ಬೇಡ’ ಎಂದೇ ಅರ್ಥ. ‘ತಡಿ’ ಎಂದರೆ ಕತ್ತಿ ಎತ್ತಿದ ಕೈಯೂ ನಿಲ್ಲಬೇಕು. ಇದನ್ನು ಯಾರು ಬೇಕಾದರೂ ಹೇಳಬಹುದು, ಕಾಫಿ ತಂದ ಹುಡುಗನೂ. ‘ಬಿತ್ತು’ ಎಂದರೆ ನೋಡಬೇಡ, ಓಡು.

ಈ ಮಾತುಗಳನ್ನು ತಮಾಷೆಗೆ ಬಳಸಕೂಡದು. ಬೇರೆ ಎಲ್ಲದಕ್ಕೂ ತಮಾಷೆ ನಡೆಯುತ್ತದೆ, ನಡೆಯಲಿ. ‘ಹಗ್ಗ ಬಿಡು ಅಂದ್ರೆ ಬೀಡಿ ಹೊಗೆ ಬಿಡ್ತೀಯಲ್ಲೋ ಮಾರಾಯ’ ಎಂದು ಮೇಲಿನವನು. ‘ನೀನು ಅಲ್ಲೇ ಇರಣ್ಣ, ರೇಷನ್ ಕಾರ್ಡ್ ಮರದ ಅಡ್ರೆಸ್‌ಗೆ ಮಾಡಿಸ್ತೀನಿ’ ಎಂದು ಕೆಳಗಿನವನು. ಹೊಸಬನಿಗಂತೂ ಮೊದಲ ವಾರ ಹೆಸರೇ ಇರುವುದಿಲ್ಲ, ‘ಮದುಮಗ’ ಅಂತಲೇ ಕರೆಯುತ್ತಾರೆ. ಬೆಲ್ಟ್ ಕಟ್ಟಿಸಿಕೊಳ್ಳಲು ಅಷ್ಟು ಹೊತ್ತು ನಿಲ್ಲುತ್ತಾನಲ್ಲ, ಅದಕ್ಕೆ.

ಮೊದಲು ನನಗೆ ಇದು ಸುಮ್ನೆ ಹರಟೆ ಅನ್ನಿಸುತ್ತಿತ್ತು. ‘ಮಾತು ಕಡಿಮೆ, ಕೆಲಸ ಜಾಸ್ತಿ ಮಾಡ್ರಪ್ಪ’ ಎಂದು ಒಮ್ಮೆ ಗದರಿಸಿದೆ. ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು. ‘ಸಾರ್, ಅವನು ಮಾತಾಡ್ತಾ ಇದ್ರೆ ಸರಿ ಇದ್ದಾನೆ ಅಂತ ನಂಗೆ ಗೊತ್ತಾಗುತ್ತೆ. ಎಲೆ ಮಧ್ಯೆ ಮುಖ ಕಾಣಲ್ಲ. ಮಾತು ನಿಂತ್ರೆ ಇಳಿಸ್ತೀನಿ’ ಅಂದರು. ಅಂದಿನಿಂದ ನಾನೂ ಗಮನಿಸುತ್ತಿದ್ದೇನೆ. ಹನ್ನೊಂದೂವರೆ ಆಗುತ್ತಿದ್ದಂತೆ, ಬಿಸಿಲು ಏರಿದಾಗ, ಮೊದಲು ನಿಲ್ಲುವುದು ತಮಾಷೆ. ಆಮೇಲೆ ಉತ್ತರ ಗಿಡ್ಡ ಆಗುತ್ತದೆ. ಆಮೇಲೆ ‘ಆಂ?’ ಎನ್ನುವುದು ಶುರು. ಆಗ ಅವನನ್ನು ಇಳಿಸಿ, ನೀರು ಕೊಟ್ಟು ಕೂರಿಸಬೇಕು. ಕಾಂಟ್ರಾಕ್ಟ್ ಲೆಕ್ಕದಲ್ಲಿ ಮರಕ್ಕಿಷ್ಟು ಎಂದು ಕೊಡುವ ತೋಟದಲ್ಲಿ ಹೀಗೆ ಇಳಿಯಲು ಯಾರಿಗೂ ಮನಸ್ಸಾಗುವುದಿಲ್ಲ. ಅದಕ್ಕೇ ನಾನು ದಿನಗೂಲಿಗೆ ಬಂದೆ.

ಕೆಳಗಿರುವವನ ಕೈಯಲ್ಲಿ ಫೋನ್ ಇರಬಾರದು, ಕಿವಿಯಲ್ಲಿ ಹಾಡೂ ಇರಬಾರದು.

ಹೆಜ್ಜೆ 5: ಕೊಯ್ಯುವುದು, ಇಳಿಸುವುದು

ಮಣಿಕಟ್ಟಿಗಿಂತ ದಪ್ಪ ಕೊಂಬೆಯಾದರೆ ಮೂರು ಕೊಯ್ತ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಕಾಲುಭಾಗ ಕೊಯ್ಯಿರಿ. ಅದಕ್ಕಿಂತ ಒಂದೆರಡು ಇಂಚು ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ. ಕೊಂಬೆ ಬೀಳುತ್ತದೆ, ಮೋಟು ಉಳಿಯುತ್ತದೆ. ಮೂರನೆಯದರಲ್ಲಿ ಮೋಟು ತೆಗೆಯಿರಿ. ಕೆಳಗಿನ ಕೊಯ್ತ ಬಿಟ್ಟರೆ ಬೀಳುವ ಕೊಂಬೆ ತನ್ನ ಜೊತೆ ಕಾಂಡದ ಸಿಪ್ಪೆಯನ್ನೂ ಗಜಗಟ್ಟಲೆ ಸುಲಿದುಕೊಂಡು ಹೋಗುತ್ತದೆ. ಸುಲಿದ ಸಿಪ್ಪೆಯಲ್ಲಿ ನೇತಾಡುವ ಕೊಂಬೆ ಎಲ್ಲಿಗೆ ಬೀಸುತ್ತದೋ ಹೇಳಲಾಗದು. ಹಾಲುವಾಣದಂಥ ಸಣ್ಣ ಕೊಂಬೆಗೆ ಇಷ್ಟೆಲ್ಲ ಬೇಡ, ಕೆಳಗಿನಿಂದ ಎರಡು ಏಟು ಹಾಕಿ ಆಮೇಲೆ ಮೇಲಿನಿಂದ ಕಡಿದರಾಯಿತು.

ಮೋಟನ್ನು ಎಲ್ಲಿಗೆ ಕೊಯ್ಯಬೇಕು? ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆಯಂಥ ಒಂದು ಉಬ್ಬು ಕಾಣುತ್ತದೆ. ಅದರ ಹೊರಗೆ. ಕಾಂಡಕ್ಕೆ ಸಮ ಮಾಡಿ ನುಣ್ಣಗೆ ಕೊಯ್ಯುವುದು ನಮ್ಮ ಹಿರಿಯರ ಕಾಲದ ಚೆಂದ, ಆದರೆ ತಪ್ಪು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಇದನ್ನು ತೋರಿಸಿಕೊಟ್ಟರು. ಮರಕ್ಕೆ ನಮ್ಮ ಚರ್ಮದ ಹಾಗೆ ಗಾಯ ಮಾಯುವುದಿಲ್ಲ. ಅದು ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ ಮುಚ್ಚಿಬಿಡುತ್ತದೆ. ಆ ಗೋಡೆಯ ಸಾಮಾನು ಇರುವುದು ಉಬ್ಬಿನಲ್ಲಿ. ಟಾರ್ ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂದೂ ಅವರು ತೋರಿಸಿದರು.

ಕೆಳಗೆ ಫಸಲು ಕಟ್ಟಿದ ಗಿಡವಿದ್ದರೆ ಕೊಂಬೆಯನ್ನು ಹಗ್ಗದಲ್ಲಿ ಇಳಿಸಿ. ಹಗ್ಗವನ್ನು ಮೇಲಿನ ಗಟ್ಟಿ ಕವಲಿನಲ್ಲಿ ಹಾಯಿಸಿ, ಕೆಳಗೆ ಬುಡಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಕೆಳಗಿನವನು ಹಿಡಿಯಲಿ. ಆ ಎರಡು ಸುತ್ತಿನ ಉಜ್ಜುವಿಕೆಯೇ ಭಾರ ತಡೆಯುತ್ತದೆ. ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಂಡರೆ ಕೊಂಬೆ ಕೆಳಗೆ, ಅವನು ಮೇಲೆ.

ಹೆಜ್ಜೆ 6: ಏನಾದರೂ ಆದರೆ

ಬೆಲ್ಟಿನಲ್ಲಿ ಎಚ್ಚರ ತಪ್ಪಿ ನೇತಾಡುವವನನ್ನು ಹಾಗೇ ಬಿಡುವಂತಿಲ್ಲ. ಕಾಲಿನಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಅದಕ್ಕೇ ಮರ ಹತ್ತಬಲ್ಲ ಇನ್ನೊಬ್ಬ, ಇನ್ನೊಂದು ಬೆಲ್ಟ್, ಇನ್ನೊಂದು ಹಗ್ಗ ಕೆಳಗೆ ಸಿದ್ಧವಿರಲಿ. ಕರೆಂಟ್ ಹೊಡೆದವನನ್ನು ಲೈನ್ ತೆಗೆಯುವವರೆಗೂ ಮುಟ್ಟಬೇಡಿ. ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಜೀಪಿನ ಹಿಂದಿನ ಸೀಟಿಗೆ ತುರುಕಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲ್ಲಿಗೆ ಮುಗಿಯಿತು. ಅಲುಗಿಸದೆ 108ಕ್ಕೆ ಫೋನ್ ಮಾಡಿ. ಬೇರೆ ದಾರಿಯೇ ಇಲ್ಲದಿದ್ದರೆ ಹಲಗೆಯ ಮೇಲೆ ಮಲಗಿಸಿ, ಕುತ್ತಿಗೆ ಹೊರಳದಂತೆ ಒಯ್ಯಿರಿ. ನಮ್ಮ ತೋಟದಲ್ಲಿ ಸಿಗ್ನಲ್ ಸಿಗುವುದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನ ದಿಬ್ಬದಲ್ಲಿ ಮಾತ್ರ, ಅದು ಎಲ್ಲರಿಗೂ ಗೊತ್ತಿರಬೇಕು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. 18ರಿಂದ 70 ವರ್ಷದವರೆಗೆ, ಬ್ಯಾಂಕ್ ಖಾತೆ ಇದ್ದರೆ ಸಾಕು. ಮರಗಸಿ ಶುರುವಾಗುವ ಮುಂಚೆ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಎಲ್ಲರಿಗೂ ಮಾಡಿಸಿ. ಅದು ಕನಿಷ್ಠ, ಅಷ್ಟಕ್ಕೇ ನಿಲ್ಲಬೇಡಿ.

ಸಂಜೆ

ಹಗ್ಗವನ್ನು ಅಂಗೈಯಲ್ಲಿ ಮೊಳ ಮೊಳ ಸವರುತ್ತ ಸುತ್ತಿಡಿ. ಎಲ್ಲಾದರೂ ಮೆತ್ತಗಾಗಿದ್ದರೆ, ನಾರು ಎದ್ದಿದ್ದರೆ ಅಲ್ಲಿಗೆ ಕತ್ತರಿಸಿ ಕೊಟ್ಟಿಗೆಗೆ ಕೊಡಿ. ಇಡೀ ಬಿಟ್ಟರೆ ನಾಳೆ ಯಾರೋ ಅದನ್ನೇ ಹತ್ತಲು ತಗೊಳ್ಳುತ್ತಾರೆ. ಬೆಲ್ಟಿನ ಹೊಲಿಗೆ ನೋಡಿ. ಕತ್ತಿಗೆ ಎಣ್ಣೆ ಸವರಿ.

ಮೊನ್ನೆ ಹೀಗೆ ಹಗ್ಗ ನೋಡುವಾಗ ನಾನು ಒಂದು ಕಡೆ ನಾರು ಎದ್ದಿದೆ ಎಂದೆ. ಮದುಮಗ ಬಂದು ನೋಡಿ, ‘ಅದು ಹಗ್ಗದ್ದಲ್ಲ ಸಾರ್, ಮೇಸ್ತ್ರಿ ಮೀಸೆ’ ಅಂದ. ಮೇಸ್ತ್ರಿ ಏನೂ ಹೇಳದೆ ಕತ್ತರಿ ತಂದು ಹಗ್ಗವನ್ನು ಅಲ್ಲೇ ಎರಡು ತುಂಡು ಮಾಡಿದರು.